ಕೀಲಿ ತಿರುಗಿಸುವ ಮುನ್ನ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಹೊಲದ ಮನೆಗಳ ಹಿಂಬದಿಯ ಎಷ್ಟೋ ಕಣಜಗಳು ಬೆಳೆ ತುಂಬಿಡುವ ಕೆಲಸವನ್ನು ಬಿಟ್ಟು ದಶಕಗಳೇ ಕಳೆದಿವೆ. ಮುರಿದ ಕೃಷಿ ಉಪಕರಣ, ಒಣಹುಲ್ಲು, ಖಾಲಿ ಬಣ್ಣದ ಡಬ್ಬಿ, ಹಳೆಯ ಪತ್ರಿಕೆಗಳ ಕಟ್ಟು ಹೀಗೆ ಮನೆಯೊಳಗೆ ಜಾಗವಿಲ್ಲದ, ಎಸೆಯಲೂ ಮನಸ್ಸಾಗದ ವಸ್ತುಗಳೆಲ್ಲ ಅಲ್ಲಿ ಬಂದು ಸೇರುತ್ತವೆ. ಮಾಲೀಕರು ತೀರಿಕೊಂಡು ಆಸ್ತಿ ಪಾಲಾಗುವಾಗಲೋ, ಜಮೀನು ಕೈಬದಲಾಗುವಾಗಲೋ ಅಂಥ ಕಣಜದ ಬಾಗಿಲು ತೆರೆದರೆ, ಬೂಷ್ಟು ಹಿಡಿದ ಟಾರ್ಪಾಲಿನ ಕೆಳಗೆ, ಗಾಳಿಯಿಳಿದ ನಾಲ್ಕು ಟೈರುಗಳ ಮೇಲೆ ಕುಸಿದು ಕುಳಿತ, ನೀಳವಾದ ಬಾನೆಟ್ಟಿನ ಕಾರೊಂದು ಕೆಲವೊಮ್ಮೆ ಕಾಣಿಸುತ್ತದೆ.

ಹೀಗೆ ದೀರ್ಘಕಾಲ ಕಣ್ಮರೆಯಾಗಿದ್ದು ಮತ್ತೆ ಬೆಳಕಿಗೆ ಬರುವ ವಾಹನವನ್ನು ಹಳೆಯ ಕಾರುಗಳ ಲೋಕದಲ್ಲಿ ‘ಬಾರ್ನ್ ಫೈಂಡ್’, ಅಂದರೆ ಕಣಜದಲ್ಲಿ ಸಿಕ್ಕ ಕಾರು, ಎಂದು ಕರೆಯುತ್ತಾರೆ. ಸಿಕ್ಕವರಿಗೆ ಸಹಜವಾಗಿಯೇ ಅದನ್ನು ತೊಳೆದು ಬಣ್ಣ ನೋಡುವ, ಹೊಸ ಬ್ಯಾಟರಿ ಜೋಡಿಸುವ, ಕೀಲಿ ತಿರುಗಿಸಿ ಎಂಜಿನ್ನಿನ ಸದ್ದು ಕೇಳುವ ಆಸೆ ಹುಟ್ಟುತ್ತದೆ. ಮೂವತ್ತು ನಲವತ್ತು ವರ್ಷ ನಿಂತ ಕಾರಿಗೆ ಈ ಮೂರೂ ಕೆಲಸಗಳು ಹಾನಿ ಮಾಡಬಲ್ಲವು. ಆದ್ದರಿಂದ ಇಂಥ ಕಾರಿನ ಸ್ಥಿತಿಗತಿಯನ್ನು ಅಳೆಯುವ ಪರಿಣತರ ಕ್ರಮಕ್ಕೆಲ್ಲ ಒಂದೇ ಸೂತ್ರ ಆಧಾರವಾಗಿದೆ: ಕಾರಿನ ಮೇಲೆ ಯಾವ ಗುರುತನ್ನೂ ಬಿಡದ ಪರೀಕ್ಷೆ ಮೊದಲು, ಮತ್ತೆ ಸರಿಪಡಿಸಲಾಗದ ಕೆಲಸ ಕಟ್ಟಕಡೆಗೆ. ಈ ಸೂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಲು, ಹೀಗೆ ಮರೆಗೆ ಸರಿದು ಮತ್ತೆ ಪತ್ತೆಯಾಗುತ್ತಲೇ ಇರುವ ವೇಗದ ಕಾರುಗಳಲ್ಲಿ ಒಂದಾದ ಬ್ರಿಟನ್ನಿನ ಜಾಗ್ವಾರ್ ಇ-ಟೈಪ್ ಒಳ್ಳೆಯ ಉದಾಹರಣೆ.

ಕಣಜ ಸೇರಿದ್ದು ಹೇಗೆ

ಇ-ಟೈಪ್ ಲೋಕದ ಕಣ್ಣಿಗೆ ಬಿದ್ದದ್ದು 1961ರ ಮಾರ್ಚ್‌ನಲ್ಲಿ, ಜಿನೀವಾದ ಕಾರು ಪ್ರದರ್ಶನದಲ್ಲಿ. ವಿಮಾನ ಕಾರ್ಖಾನೆಯಲ್ಲಿ ದುಡಿದು ಬಂದಿದ್ದ ಮಾಲ್ಕಂ ಸೇಯರ್ ಗಾಳಿಯ ಹರಿವಿನ ಗಣಿತವನ್ನು ಆಧರಿಸಿ ಅದರ ಮೈಕಟ್ಟನ್ನು ರೂಪಿಸಿದ್ದರು. 3.8 ಲೀಟರ್ ಗಾತ್ರದ, ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿರುವ ಎಂಜಿನ್ 265 ಅಶ್ವಶಕ್ತಿ ನೀಡುತ್ತದೆ, ಕಾರು ಗಂಟೆಗೆ 150 ಮೈಲಿ, ಅಂದರೆ ಸುಮಾರು 240 ಕಿಲೋಮೀಟರ್ ವೇಗ ಮುಟ್ಟುತ್ತದೆ ಎಂದು ಕಂಪನಿ ಹೇಳಿಕೊಂಡಿತ್ತು. ಆ ವೇಗದ ಇತರ ಕಾರುಗಳಿಗೆ ಹೋಲಿಸಿದರೆ ಸುಮಾರು 2,100 ಪೌಂಡುಗಳ ಅದರ ಬೆಲೆ ತೀರ ಕಡಿಮೆಯಾಗಿತ್ತು. 1974ರವರೆಗೆ, ಮೂರು ಸರಣಿಗಳಲ್ಲಿ, 72,000ಕ್ಕೂ ಹೆಚ್ಚು ಕಾರುಗಳು ತಯಾರಾಗಿ, ಅವುಗಳಲ್ಲಿ ಬಹುಪಾಲು ಅಮೆರಿಕಕ್ಕೆ ಹೋದವು.

ಬೆಲೆ ಕಡಿಮೆ ಇದ್ದುದೇ ಮುಂದೆ ಈ ಕಾರುಗಳ ಅನಾದರಕ್ಕೂ ಕಾರಣವಾಯಿತು. ಎರಡನೆಯ, ಮೂರನೆಯ ಮಾಲೀಕರ ಕೈಗೆ ಅಗ್ಗವಾಗಿ ಬಂದ ಕಾರಿನ ದುರಸ್ತಿ ಮಾತ್ರ ಅಗ್ಗವಾಗಿರಲಿಲ್ಲ. 1973ರ ತೈಲ ಬಿಕ್ಕಟ್ಟು ಪೆಟ್ರೋಲನ್ನು ದುಬಾರಿಯಾಗಿಸಿತು. ಚಳಿಗಾಲದಲ್ಲಿ ಹಿಮ ಕರಗಿಸಲೆಂದು ಬ್ರಿಟನ್ನಿನ ರಸ್ತೆಗಳಿಗೆ ಸುರಿಯುವ ಉಪ್ಪು ಉಕ್ಕಿನ ಹಾಳೆಯನ್ನು ತಿಂದುಹಾಕಿತು. ವರ್ಷವರ್ಷ ಎದುರಿಸಬೇಕಾದ ಕಡ್ಡಾಯ ಸುರಕ್ಷತಾ ಪರೀಕ್ಷೆಯಲ್ಲಿ ತುಕ್ಕು ಹಿಡಿದ ಕಾರು ಅನುತ್ತೀರ್ಣವಾಯಿತು. ಮಾರಿದರೆ ಕಾಸು ಹುಟ್ಟದ, ರಿಪೇರಿಗೆ ಹಣ ಸಾಲದ ಅಂಥ ಕಾರನ್ನು ‘ಮುಂದೆ ನೋಡೋಣ’ ಎಂದು ಬದಿಗಿಟ್ಟವರು ಅನೇಕರು. ಕೈಬಿಟ್ಟ ಕಾರುಗಳ ಹಿಂದೆ ಸಾಮಾನ್ಯವಾಗಿ ಇರುವುದು ಇಂಥ ಮುಂದೂಡಿಕೆಯೇ. ಮುಂದೆ 1996ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಇ-ಟೈಪ್ ಒಂದನ್ನು ತನ್ನ ಶಾಶ್ವತ ಸಂಗ್ರಹಕ್ಕೆ ಸೇರಿಸಿಕೊಂಡಿತು. ಅಷ್ಟರಲ್ಲಿ ಕಣಜಗಳಲ್ಲಿದ್ದ ಅದರ ಸೋದರ ಕಾರುಗಳು ಎಷ್ಟೋ ಮಳೆಗಾಲಗಳನ್ನು ಕಂಡಿದ್ದವು.

ಧೂಳೂ ಒಂದು ದಾಖಲೆ

ಮೊದಲ ಹಂತದಲ್ಲಿ ಕಾರನ್ನು ಮುಟ್ಟುವಂತೆಯೇ ಇಲ್ಲ. ಕಾರು ಇರುವ ಜಾಗ, ನೆಲದ ತೇವ, ಛಾವಣಿಯ ಸೋರಿಕೆ, ಗಾಳಿಯಾಡುವ ಕಿಂಡಿ ಇವನ್ನೆಲ್ಲ ಗಮನಿಸಿ, ನಾಲ್ಕೂ ದಿಕ್ಕಿನಿಂದ, ಒಳಗಿನಿಂದ, ಸಾಧ್ಯವಾದರೆ ಕೆಳಗಿನಿಂದ ಛಾಯಾಚಿತ್ರ ತೆಗೆಯಲಾಗುತ್ತದೆ. ತಾಳೆಗರಿಯ ಕಟ್ಟು ಸಿಕ್ಕ ವಿದ್ವಾಂಸರು ಗರಿಗಳ ಕ್ರಮವನ್ನು ಗುರುತಿಸಿಕೊಳ್ಳದೆ ದಾರ ಬಿಚ್ಚುವುದಿಲ್ಲವಷ್ಟೆ. ಇಲ್ಲಿಯೂ ವಸ್ತು ಇದ್ದ ಸ್ಥಿತಿಯೇ ಮೊದಲ ಸಾಕ್ಷ್ಯ. ಒಂದು ಬದಿಯ ಬಾಗಿಲಿನ ಕೆಳಗೆ ಮಾತ್ರ ತುಕ್ಕಿನ ಪುಡಿ ಉದುರಿದ್ದರೆ ಆ ಬದಿಯಲ್ಲಿ ನೀರು ಸೋರುತ್ತಿತ್ತು ಎಂದು ಊಹಿಸಬಹುದು. ಎಂಜಿನ್ನಿನ ಕೆಳಗಿನ ಎಣ್ಣೆಯ ಕಲೆ ಯಾವ ಸೀಲು ಸೋರಿತ್ತೆಂಬುದನ್ನು ಸೂಚಿಸುತ್ತದೆ. ಗಾಜಿಗೆ ಅಂಟಿಸಿದ ತೆರಿಗೆಯ ಚೀಟಿ ಕಾರು ಕೊನೆಯದಾಗಿ ರಸ್ತೆಗಿಳಿದ ವರ್ಷವನ್ನು ಹೇಳುತ್ತದೆ. ಸೀಟಿನ ಕೆಳಗಿನ ರಸೀದಿ, ಡಿಕ್ಕಿಯ ತಳದ ಉಪಕರಣಗಳ ಚೀಲ, ಹಳೆಯ ನಕ್ಷೆ ಇವು ಯಾವುವೂ ಕಸವಲ್ಲ.

ಹೀಗೆ ಕಾದಿಟ್ಟ ಸ್ಥಿತಿಗೆ ಮಾರುಕಟ್ಟೆಯೂ ಬೆಲೆ ಕಟ್ಟುತ್ತದೆ. ಪಶ್ಚಿಮ ಫ್ರಾನ್ಸಿನ ಸಾರಿಗೆ ಉದ್ಯಮಿ ರೋಜೆ ಬಯೋನ್ ಅವರು ವಸ್ತುಸಂಗ್ರಹಾಲಯ ಕಟ್ಟುವ ಕನಸಿನಿಂದ ಕೂಡಿಟ್ಟ ಕಾರುಗಳು, 1970ರ ದಶಕದಲ್ಲಿ ಉದ್ಯಮ ಕುಸಿದ ಮೇಲೆ ತಗಡಿನ ಮಾಡುಗಳ ಕೆಳಗೆ ಉಳಿದುಹೋಗಿದ್ದವು. 2014ರಲ್ಲಿ ಪತ್ತೆಯಾದ ಆ ಸಂಗ್ರಹದಲ್ಲಿ, ಹಳೆಯ ಪತ್ರಿಕೆಗಳ ರಾಶಿಯ ಅಡಿಯಲ್ಲಿ, ಹಿಂದೊಮ್ಮೆ ನಟ ಅಲೆನ್ ಡೆಲಾನ್ ಅವರ ಬಳಿಯಿದ್ದ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ ಕೂಡ ಇತ್ತು. 2015ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಅದು 1.6 ಕೋಟಿ ಯೂರೋಗಳಿಗೂ ಹೆಚ್ಚಿನ ಬೆಲೆಗೆ ಹೋಯಿತು. ಜಪಾನಿನಲ್ಲಿ ಪತ್ತೆಯಾದ 1969ರ, ಅಲ್ಯುಮಿನಿಯಂ ಮೈಯ ಫೆರಾರಿ 365 ಜಿಟಿಬಿ/4 ಕಾರನ್ನು 2017ರಲ್ಲಿ ಇಟಲಿಯ ಮರನೆಲ್ಲೊದಲ್ಲಿ ಧೂಳು ಸಹಿತವಾಗಿಯೇ ಹರಾಜಿಗಿಟ್ಟಾಗ ಅದಕ್ಕೆ 18 ಲಕ್ಷ ಯೂರೋ ದೊರಕಿತು. ಕೊಂಡವರು ಹಣ ಕೊಟ್ಟದ್ದು, ಬೇರೆ ಯಾರ ಕೈಯೂ ನಡುವೆ ಬಂದಿಲ್ಲ ಎಂಬ ಭರವಸೆಗೆ.

ಸಂಖ್ಯೆಗಳು ಹೇಳುವ ಗುರುತು

ಕಾರು ಯಾವುದು ಎಂಬುದು ಎರಡನೆಯ ಪ್ರಶ್ನೆ. ಇ-ಟೈಪ್ ಎಂದು ಕಂಡರೆ ಸಾಲದು, ಅದು ಯಾವ ಇ-ಟೈಪ್ ಎಂಬುದು ಗೊತ್ತಾಗಬೇಕು. ಕಾರ್ಖಾನೆ ಪ್ರತಿ ಕಾರಿಗೂ ಚಾಸಿ, ಎಂಜಿನ್, ಗೇರ್‌ಬಾಕ್ಸ್ ಮತ್ತು ಬಾಡಿಗೆ ಪ್ರತ್ಯೇಕ ಸಂಖ್ಯೆಗಳನ್ನು ಕೊಟ್ಟಿತ್ತು. ಮೊದಲ ಸರಣಿಯ 3.8 ಲೀಟರ್ ಕಾರುಗಳಲ್ಲಿ ಬಲಗಡೆ ಸ್ಟಿಯರಿಂಗ್ ಇರುವ ತೆರೆದ ಕಾರುಗಳ ಚಾಸಿ ಸಂಖ್ಯೆ 850001ರಿಂದ, ಮುಚ್ಚಿದ ಛಾವಣಿಯವುಗಳ ಸಂಖ್ಯೆ 860001ರಿಂದ ಶುರುವಾಗುತ್ತದೆ. ಎಡಗಡೆ ಸ್ಟಿಯರಿಂಗಿನ ಕಾರುಗಳಿಗೆ ಇವು ಕ್ರಮವಾಗಿ 875001 ಮತ್ತು 885001. ಚಾಸಿ ಸಂಖ್ಯೆಯನ್ನು ಮುಂಭಾಗದ ಚೌಕಟ್ಟಿನ ಮೇಲೆ, ಎಂಜಿನ್ ಸಂಖ್ಯೆಯನ್ನು ಎಂಜಿನ್ನಿನ ಎರಕದ ಮೇಲೆ ಒತ್ತಿರುತ್ತಾರೆ.

ಈ ಸಂಖ್ಯೆಗಳನ್ನು ಕಂಪನಿಯ ಹಳೆಯ ದಾಖಲೆಗಳೊಂದಿಗೆ ತಾಳೆ ನೋಡುವ ಸೌಲಭ್ಯವಿದೆ. ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ನೀಡುವ ಪ್ರಮಾಣಪತ್ರದಲ್ಲಿ ಆ ಕಾರು ತಯಾರಾದ ದಿನ, ಮೂಲ ಬಣ್ಣ, ಒಳಗಿನ ಚರ್ಮದ ಬಣ್ಣ, ಅದನ್ನು ಕಳಿಸಿದ ಮಾರಾಟಗಾರರ ವಿವರ ಇರುತ್ತವೆ. ಕಾರಿನಲ್ಲಿರುವ ಸಂಖ್ಯೆಗಳೂ ದಾಖಲೆಯ ಸಂಖ್ಯೆಗಳೂ ಒಂದೇ ಆಗಿದ್ದರೆ, ಹುಟ್ಟುವಾಗ ಇದ್ದ ಎಂಜಿನ್ನೇ ಇಂದಿಗೂ ಇದೆ ಎಂದರ್ಥ; ಇದನ್ನೇ ‘ಮ್ಯಾಚಿಂಗ್ ನಂಬರ್ಸ್’ ಎನ್ನುವುದು. ಚಾಸಿ ಸಂಖ್ಯೆಯ ಸುತ್ತ ಉಜ್ಜಿದ ಗುರುತು, ಅಕ್ಷರಗಳ ಆಕಾರದಲ್ಲಿ ವ್ಯತ್ಯಾಸ, ಹೊಸ ಬೆಸುಗೆ ಕಂಡುಬಂದರೆ ಚೌಕಟ್ಟು ಬದಲಾಗಿದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಆರಂಭದ ಸುಮಾರು 500 ಕಾರುಗಳಲ್ಲಿ ಬಾನೆಟ್ಟಿನ ಚಿಲಕ ಹೊರಬದಿಯಲ್ಲಿತ್ತು. 1962ರ ಆರಂಭದವರೆಗಿನ ಕಾರುಗಳಲ್ಲಿ ಕಾಲಿಡುವ ನೆಲ ಚಪ್ಪಟೆಯಾಗಿತ್ತು. ಇಂಥ ಸಣ್ಣ ವ್ಯತ್ಯಾಸಗಳು ಬೆಲೆಯನ್ನು ಬಹಳವಾಗಿ ಏರಿಸುವುದರಿಂದ, ಅವುಗಳನ್ನು ನಕಲು ಮಾಡುವ ಆಮಿಷವೂ ಇದ್ದೇ ಇರುತ್ತದೆ.

ಕಾನೂನಿನ ಒಡೆತನವನ್ನೂ ಈ ಹಂತದಲ್ಲಿಯೇ ಖಚಿತಪಡಿಸಿಕೊಳ್ಳಬೇಕು. ಕಣಜ ಯಾರದೋ ಕಾರು ಅವರದೇ ಎಂದು ಹೇಳಲಾಗದು. ನೋಂದಣಿ ಪತ್ರ, ವಾರಸುದಾರರ ಒಪ್ಪಿಗೆ, ಹಳೆಯ ಸಾಲದ ಬಾಕಿ ಇವು ಇತ್ಯರ್ಥವಾಗುವ ಮೊದಲು ಒಂದು ಬೋಲ್ಟನ್ನು ಬಿಚ್ಚಿದರೂ ಮುಂದೆ ವ್ಯಾಜ್ಯಕ್ಕೆ ದಾರಿಯಾಗುತ್ತದೆ.

ತುಕ್ಕು ಅಡಗುವ ಜಾಗಗಳು

ಹಳೆಯ ಬಹುಪಾಲು ಕಾರುಗಳಲ್ಲಿ ಭಾರವನ್ನೆಲ್ಲ ಹೊರುವ ದಪ್ಪ ಉಕ್ಕಿನ ಚಾಸಿಯ ಮೇಲೆ ಬಾಡಿಯನ್ನು ಕೂರಿಸಿರುತ್ತಾರೆ. ಇ-ಟೈಪಿನ ರಚನೆ ಬೇರೆ. ಅದರ ನಡುಭಾಗದಲ್ಲಿ ಬಾಡಿಯೇ ಚಾಸಿ: ತೆಳುವಾದ ಉಕ್ಕಿನ ಹಾಳೆಗಳನ್ನು ಮಡಿಚಿ, ಬೆಸೆದು, ಒಂದು ಪೆಟ್ಟಿಗೆಯನ್ನಾಗಿ ಮಾಡಿದ್ದಾರೆ; ಈ ರಚನೆಗೆ ‘ಮೊನೊಕಾಕ್’ ಎಂದು ಹೆಸರು. ಅದರ ಮುಂದಿನ ಗೋಡೆಗೆ ಚೌಕಾಕಾರದ ಕೊಳವೆಗಳ ಚೌಕಟ್ಟನ್ನು ಬೋಲ್ಟುಗಳಿಂದ ಬಿಗಿದು, ಎಂಜಿನ್ ಮತ್ತು ಮುಂದಿನ ಚಕ್ರಗಳ ಭಾರವನ್ನು ಆ ಚೌಕಟ್ಟು ಹೊರುವಂತೆ ಮಾಡಲಾಗಿದೆ. ಬೇರೆ ಕಾರಿನಲ್ಲಿ ಅಂದವನ್ನು ಮಾತ್ರ ಕೆಡಿಸುವ ತುಕ್ಕು ಇಲ್ಲಿ ಕಾರಿನ ಬೆನ್ನೆಲುಬನ್ನೇ ಸಡಿಲಿಸುವುದು ಈ ಕಾರಣದಿಂದಲೇ.

ಆದ್ದರಿಂದ ಬಣ್ಣ ಹೊಳೆಯುವ ಜಾಗಕ್ಕಿಂತ ಕಣ್ಣಿಗೆ ಕಾಣದ ಜಾಗಗಳನ್ನು ಪರೀಕ್ಷಕರು ಮೊದಲು ನೋಡುತ್ತಾರೆ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯುವ ಟೊಳ್ಳು ತೊಲೆಗಳು ಕಾರಿನ ಬಿಗುವಿಗೆ ಮುಖ್ಯ ಆಧಾರ. ಅವು ಒಳಗಿನಿಂದ ಕೊಳೆತಿದ್ದರೂ ಹೊರಗೆ ಬಣ್ಣ ಚೆನ್ನಾಗಿ ಕಾಣಬಹುದು. ಕಾಲಿಡುವ ನೆಲ, ಹಿಂದಿನ ಚಕ್ರಗಳ ತೋಳುಗಳು ಬಾಡಿಗೆ ಕೂಡುವ ಮೂಲೆ, ಡಿಕ್ಕಿಯ ತಳ, ಬ್ಯಾಟರಿ ಇಡುವ ತಟ್ಟೆಯ ಅಡಿ, ಬಾನೆಟ್ಟಿನ ಒಳಮಡಿಕೆ ಇವೂ ನೀರು ನಿಲ್ಲುವ ಜಾಗಗಳೇ. ಮುಂದಿನ ಚೌಕಟ್ಟಿನ ಕೊಳವೆಗಳು ಒಳಗಿನಿಂದ ಹೊರಕ್ಕೆ ತುಕ್ಕು ಹಿಡಿಯುವುದರಿಂದ, ಹೊರಗಿನ ಸಣ್ಣ ಗುಳ್ಳೆಯನ್ನೂ ಕಡೆಗಣಿಸುವಂತಿಲ್ಲ.

ಈ ಪರೀಕ್ಷೆಗೆ ಬೇಕಾದ ಸಲಕರಣೆಗಳು ಸರಳ. ಮೆತ್ತನೆಯ ಬಟ್ಟೆ ಸುತ್ತಿದ ಅಯಸ್ಕಾಂತ ಉಕ್ಕಿಗೆ ಅಂಟುತ್ತದೆ, ಗುಂಡಿ ಮುಚ್ಚಲು ಹಚ್ಚಿದ ಪುಟ್ಟಿಗೆ ಅಂಟುವುದಿಲ್ಲ. ಬಣ್ಣದ ದಪ್ಪ ಅಳೆಯುವ ಮಾಪಕ ಎಷ್ಟು ಪದರ ಬಿದ್ದಿದೆ ಎಂದು ತೋರಿಸುತ್ತದೆ. ತೆಳುವಾದ ನಳಿಕೆಯ ತುದಿಯಲ್ಲಿ ಕ್ಯಾಮೆರಾ ಇರುವ ಬೋರ್‌ಸ್ಕೋಪ್ ತೊಲೆಗಳ ಟೊಳ್ಳಿನೊಳಗೆ ಇಣುಕುತ್ತದೆ. ಬಾಗಿಲಿನ ಸುತ್ತಲ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಬಾಡಿ ನಡುವೆ ಬಾಗಿರಬಹುದೆಂಬ ಸಂಶಯ ಹುಟ್ಟುತ್ತದೆ. ತುಕ್ಕು ಹಿಡಿದ ಜಾಗಕ್ಕೆ ಜ್ಯಾಕ್ ಕೊಟ್ಟು ಎತ್ತಿದರೆ ಕಾರು ಮುರಿಯುವ ಅಪಾಯವಿರುವುದರಿಂದ, ಆಧಾರ ಗಟ್ಟಿಯಾಗಿದೆ ಎಂದು ಖಚಿತವಾದ ನಂತರವೇ ಎತ್ತಬೇಕು. ಇಡೀ ಕಾರಿನ ಪುನರುಜ್ಜೀವನದಲ್ಲಿ ಅತಿ ಹೆಚ್ಚು ದುಡಿಮೆಯ ಗಂಟೆಗಳನ್ನು ನುಂಗುವುದು ಈ ಉಕ್ಕಿನ ಕೆಲಸವೇ ಆದ್ದರಿಂದ, ಕಾರನ್ನು ಕೊಳ್ಳಬೇಕೋ ಬಿಡಬೇಕೋ ಎಂಬ ತೀರ್ಮಾನ ಬಹುಮಟ್ಟಿಗೆ ಇಲ್ಲಿಯೇ ಆಗುತ್ತದೆ.

ನಿಂತ ಎಂಜಿನ್ನನ್ನು ಎಬ್ಬಿಸುವ ಬಗೆ

ಇ-ಟೈಪಿನ ಆರು ಸಿಲಿಂಡರುಗಳ ಎಂಜಿನ್, ಜಾಗ್ವಾರ್ ಕಂಪನಿಯ ಎಕ್ಸ್‌ಕೆ, 1948ರಲ್ಲಿ ಬಂದದ್ದು. ಎರಕದ ಕಬ್ಬಿಣದ ಬ್ಲಾಕು, ಅದರ ಮೇಲೆ ಅಲ್ಯುಮಿನಿಯಂ ಹೆಡ್ಡು, ವಾಲ್ವುಗಳನ್ನು ತೆರೆದು ಮುಚ್ಚುವ ಎರಡು ಕ್ಯಾಮ್‌ಶಾಫ್ಟುಗಳು ಅದರ ಮುಖ್ಯ ಲಕ್ಷಣ. ಇದು ಬಾಳಿಕೆ ಬರುವ ಎಂಜಿನ್ ಎಂದು ಹೆಸರಾಗಿದ್ದರೂ, ದೀರ್ಘಕಾಲ ನಿಂತಾಗ ಅದಕ್ಕೂ ತೊಂದರೆಗಳು ತಪ್ಪವು. ಸಿಲಿಂಡರಿನ ಗೋಡೆಯ ಎಣ್ಣೆ ಇಳಿದುಹೋಗಿ, ತೇವಕ್ಕೆ ಪಿಸ್ಟನ್ನಿನ ಉಂಗುರಗಳು ಗೋಡೆಗೆ ಅಂಟಿಕೊಳ್ಳುತ್ತವೆ. ತುಕ್ಕುನಿರೋಧಕ ದ್ರವವಿಲ್ಲದೆ ಬರಿಯ ನೀರು ನಿಂತಿದ್ದರೆ ಅಲ್ಯುಮಿನಿಯಂ ಹೆಡ್ಡು ಒಳಗಿನಿಂದ ಸವೆಯುತ್ತದೆ. ಹೆಡ್ಡನ್ನು ಬಿಗಿದ ಉಕ್ಕಿನ ಸ್ಟಡ್ಡುಗಳ ಸುತ್ತ ಕಿಲುಬು ಕಟ್ಟಿ ಅದನ್ನು ಬಿಚ್ಚುವುದೇ ದುಸ್ತರವಾಗುತ್ತದೆ. ಟ್ಯಾಂಕಿನ ಪೆಟ್ರೋಲು ಆವಿಯಾಗಿ ಉಳಿದ ಅಂಟು ಕಾರ್ಬೊರೇಟರುಗಳ ಸಣ್ಣ ರಂಧ್ರಗಳನ್ನು ಮುಚ್ಚಿರುತ್ತದೆ. ಗಾಳಿ ಒಳಬರುವ ದಾರಿಯಲ್ಲಿ, ಹೊಗೆ ಕೊಳವೆಯಲ್ಲಿ ಇಲಿಗಳು ಗೂಡು ಕಟ್ಟಿರುವುದೂ ಸಾಮಾನ್ಯ.

ಇಂಥ ಎಂಜಿನ್ನಿಗೆ ಹೊಸ ಬ್ಯಾಟರಿ ಜೋಡಿಸಿ ಸ್ಟಾರ್ಟರ್ ಮೋಟಾರಿನ ಬಲದಿಂದ ತಿರುಗಿಸಿದರೆ, ಅಂಟಿಕೊಂಡ ಉಂಗುರ ಮುರಿಯಬಹುದು, ತೆರೆದೇ ಉಳಿದ ವಾಲ್ವಿಗೆ ಪಿಸ್ಟನ್ ಬಡಿಯಬಹುದು. ಕ್ಯಾಮ್‌ಶಾಫ್ಟುಗಳನ್ನು ಅವುಗಳಷ್ಟಕ್ಕೆ ತಿರುಗಿಸಿದರೆ ಈ ಎಂಜಿನ್ನಿನಲ್ಲಿ ಗಾಳಿ ಒಳಬಿಡುವ ವಾಲ್ವೂ ಹೊಗೆ ಹೊರಬಿಡುವ ವಾಲ್ವೂ ಒಂದಕ್ಕೊಂದು ತಗಲುವ ಸಾಧ್ಯತೆ ಇದೆ. ಆದ್ದರಿಂದ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಬೋರ್‌ಸ್ಕೋಪಿನಿಂದ ಸಿಲಿಂಡರಿನ ಒಳಗನ್ನು ನೋಡಿ, ಸಂದಿಗೆ ಇಳಿಯುವ ತೆಳು ಎಣ್ಣೆಯನ್ನು ಹನಿಸಿ, ದಿನಗಟ್ಟಲೆ ಬಿಡಲಾಗುತ್ತದೆ. ಆಮೇಲೆ ಕ್ರ್ಯಾಂಕ್‌ಶಾಫ್ಟಿನ ತುದಿಯ ನಟ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಕೊಟ್ಟು, ಎಂಜಿನ್ ಸಹಜವಾಗಿ ತಿರುಗುವ ದಿಕ್ಕಿನಲ್ಲಿಯೇ, ಕೈಯಿಂದ ನಿಧಾನವಾಗಿ ತಿರುಗಿಸಿ ನೋಡುತ್ತಾರೆ. ತಡೆ ಎದುರಾದರೆ ಅಲ್ಲಿಗೇ ನಿಲ್ಲಿಸಬೇಕು. ಸರಾಗವಾಗಿ ತಿರುಗಿದ ಮೇಲೂ ಎಣ್ಣೆ, ಫಿಲ್ಟರು ಬದಲಿಸಿ, ಬೇರಿಂಗುಗಳಿಗೆ ಎಣ್ಣೆ ತಲುಪಿದೆಯೆಂದು ಒತ್ತಡದ ಮಾಪಕದಲ್ಲಿ ಕಂಡುಕೊಂಡು, ಶುದ್ಧ ಪೆಟ್ರೋಲನ್ನು ಬೇರೆ ಡಬ್ಬಿಯಿಂದ ಕೊಟ್ಟ ಬಳಿಕವೇ ಎಂಜಿನ್ ಚಾಲೂ ಮಾಡುವ ಪ್ರಶ್ನೆ.

ಬ್ರೇಕು, ತಂತಿ, ಟೈರು

ಎಂಜಿನ್ ಓಡಿದ ಮಾತ್ರಕ್ಕೆ ಕಾರು ಓಡಲು ಸಿದ್ಧವಾಯಿತೆಂದು ಭಾವಿಸುವುದು ಅಪಾಯಕರ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುವ ಗುಣದ್ದು. ವರ್ಷಗಳಲ್ಲಿ ಆ ನೀರು ಸಿಲಿಂಡರುಗಳ ಒಳಗನ್ನು ತುಕ್ಕು ಹಿಡಿಸಿ ಪಿಸ್ಟನ್ನುಗಳನ್ನು ಸೆರೆಹಿಡಿಯುತ್ತದೆ. ಇ-ಟೈಪಿನ ಹಿಂದಿನ ಬ್ರೇಕುಗಳು ಚಕ್ರದ ಬಳಿ ಇಲ್ಲದೆ ಒಳಗೆ, ಡಿಫರೆನ್ಷಿಯಲ್ಲಿನ ಎರಡೂ ಪಕ್ಕದಲ್ಲಿ ಇರುವುದರಿಂದ ಅಲ್ಲಿಗೆ ಕೈ ಹಾಕುವುದೇ ಕಷ್ಟ. ಅವುಗಳನ್ನು ಸರಿಯಾಗಿ ದುರಸ್ತಿ ಮಾಡಲು ಹಿಂದಿನ ಸಸ್ಪೆನ್ಷನ್ನಿನ ಇಡೀ ಜೋಡಣೆಯನ್ನು ಕೆಳಗಿಳಿಸುವುದು ವಾಡಿಕೆ. ಟೈರಿನ ಹಲ್ಲು ಹೊಸದಾಗಿ ಕಂಡರೂ ರಬ್ಬರು ಗಡುಸಾಗಿ ಬಿರುಕು ಬಿಟ್ಟಿರುತ್ತದೆ. ಕಾರನ್ನು ತಳ್ಳಿ ಹೊರತರಲು ಅವು ಸಾಕು, ರಸ್ತೆಗೆ ಸಲ್ಲವು.

ತಂತಿಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. 3.8 ಲೀಟರ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಬಾಡಿಗೆ ಜೋಡಿಸುವ ಪದ್ಧತಿ ಇತ್ತು. 1964ರ ಅಕ್ಟೋಬರಿನಲ್ಲಿ ಬಂದ 4.2 ಲೀಟರ್ ಕಾರುಗಳಲ್ಲಿ, ಇಂದಿನ ಕಾರುಗಳಂತೆ, ಋಣ ತುದಿಯನ್ನು ಜೋಡಿಸಲಾಯಿತು. ಇದನ್ನು ತಿಳಿಯದೆ ಬ್ಯಾಟರಿ ಕೂರಿಸಿದರೆ ವಿದ್ಯುತ್ ಭಾಗಗಳು ಹಾಳಾಗುತ್ತವೆ; ಇಲಿ ಕಡಿದ ತಂತಿಯಿದ್ದರೆ ಬೆಂಕಿಯೇ ಹತ್ತಬಹುದು. ಪರೀಕ್ಷಕರ ಆರೋಗ್ಯವೂ ಮುಖ್ಯ: ಆ ಕಾಲದ ಬ್ರೇಕಿನ ಪ್ಯಾಡು, ಕ್ಲಚ್ಚು, ಗ್ಯಾಸ್ಕೆಟ್ಟುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರನ್ನು ಬಳಸುತ್ತಿದ್ದರು. ಆ ಪುಡಿಯನ್ನೂ ಇಲಿಯ ಹಿಕ್ಕೆಯನ್ನೂ ಊದಿ ಹಾರಿಸದೆ, ಮುಖಗವಸು ತೊಟ್ಟು, ತೇವ ಬಟ್ಟೆಯಿಂದ ತೆಗೆಯಬೇಕು.

ಕಾಪಾಡುವುದೋ, ಹೊಸತಾಗಿಸುವುದೋ

ಇಷ್ಟೆಲ್ಲ ತಿಳಿದ ಮೇಲೆ ಮೂರು ದಾರಿಗಳು ಎದುರಾಗುತ್ತವೆ: ಇದ್ದ ಬಣ್ಣ, ಚರ್ಮ, ಸವಕಲುಗಳನ್ನು ಉಳಿಸಿಕೊಂಡು ಓಡುವಷ್ಟು ಮಾತ್ರ ದುರಸ್ತಿ ಮಾಡುವುದು, ಪೂರ್ತಿ ಬಿಚ್ಚಿ ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ತರುವುದು, ಅಥವಾ ಮತ್ತೊಂದು ಕಾರಿಗೆ ಬಿಡಿಭಾಗವಾಗಲು ಬಿಡುವುದು. ಪೂರ್ತಿ ಹೊಸತಾಗಿಸುವ ಖರ್ಚು ಅನೇಕ ಸಲ ಸಿದ್ಧ ಕಾರಿನ ಮಾರುಕಟ್ಟೆ ಬೆಲೆಯನ್ನು ಮೀರುತ್ತದೆ. ಇ-ಟೈಪಿಗೆ ಹೊಸದಾಗಿ ತಯಾರಿಸಿದ ಬಾಡಿ ಭಾಗಗಳು ಸಿಗುವುದರಿಂದ ಉಕ್ಕನ್ನೆಲ್ಲ ಬದಲಿಸಲು ಸಾಧ್ಯವಿದೆ. ಹಾಗೆ ಬದಲಿಸುತ್ತ ಹೋದರೆ ಮೂಲ ಕಾರಿನಿಂದ ಉಳಿಯುವುದು ಎಷ್ಟು ಎಂಬ ಪ್ರಶ್ನೆಯೂ ಅಷ್ಟೇ ನಿಜ.

1966ರಲ್ಲಿ ಹುಟ್ಟಿದ, ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ, ಸ್ಮಾರಕಗಳ ಸಂರಕ್ಷಣೆಗೆಂದು 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದಿನ ಮಾದರಿಯಲ್ಲಿ ಟೂರಿನ್ ಸನ್ನದನ್ನು ಒಪ್ಪಿಕೊಂಡಿದೆ. ಇರುವುದನ್ನು ಕಾಪಾಡುವುದಕ್ಕೆ ಆದ್ಯತೆ, ಬದಲಿಸಿದ್ದನ್ನು ದಾಖಲಿಸುವುದು ಕರ್ತವ್ಯ ಎಂಬುದು ಅದರ ತಿರುಳು. ತಯಾರಕರೂ ಈ ಕ್ಷೇತ್ರಕ್ಕೆ ಇಳಿದಿದ್ದಾರೆ. 2008ರಿಂದ ಭಾರತದ ಟಾಟಾ ಮೋಟಾರ್ಸ್ ಒಡೆತನದಲ್ಲಿರುವ ಜಾಗ್ವಾರ್ ಕಂಪನಿಯ ಹಳೆಯ ಕಾರುಗಳ ವಿಭಾಗ, ಹತ್ತು ಮೂಲ ಇ-ಟೈಪುಗಳನ್ನು ಹುಡುಕಿ ಪುನರುಜ್ಜೀವನಗೊಳಿಸಿ ಮಾರುವ ಯೋಜನೆಯನ್ನು 2017ರಲ್ಲಿ ಪ್ರಕಟಿಸಿತು.

ನಮ್ಮ ನೆಲದಲ್ಲಿ

ಈ ವಿಧಾನ ದುಬಾರಿ ವಿದೇಶಿ ಕಾರುಗಳಿಗೆ ಮೀಸಲಾದದ್ದೇನಲ್ಲ. ಕರಾವಳಿಯ ಉಪ್ಪುಗಾಳಿಯಲ್ಲೋ, ಮಲೆನಾಡಿನ ಮಳೆಯಲ್ಲೋ, ಹಳೆಯ ಮನೆಯ ಶೆಡ್ಡಿನಲ್ಲಿ ನಿಂತ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿಗೂ ಇದೇ ಕ್ರಮ ಸಲ್ಲುತ್ತದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ಮತ್ತು ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯಗಳು ಹಳೆಯ ಕಾರನ್ನು ಪರಂಪರೆಯ ವಸ್ತುವಾಗಿ ಕಾಣುವ ದೃಷ್ಟಿ ಕನ್ನಡ ನಾಡಿನಲ್ಲಿಯೂ ಬೇರೂರಿರುವುದನ್ನು ತೋರಿಸುತ್ತವೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, 50 ವರ್ಷ ಮೀರಿದ, ಮೂಲರೂಪದಲ್ಲಿರುವ, ಗಣನೀಯ ಮಾರ್ಪಾಡಿಗೆ ಒಳಗಾಗದ ವಾಹನವನ್ನು ‘ವಿಎ’ ಅಕ್ಷರಗಳುಳ್ಳ ವಿಂಟೇಜ್ ಸರಣಿಯಲ್ಲಿ 20,000 ರೂಪಾಯಿ ಶುಲ್ಕಕ್ಕೆ ನೋಂದಾಯಿಸಬಹುದು. ಮೂಲರೂಪ ಉಳಿಸಿಕೊಳ್ಳುವುದು ಹೀಗೆ ಅಭಿರುಚಿಯ ವಿಷಯವಷ್ಟೇ ಆಗಿ ಉಳಿಯದೆ ಕಾನೂನಿನ ಅರ್ಹತೆಯೂ ಆಗಿದೆ.

ಪರಿಶೀಲನೆ ಮುಗಿಯುವುದು ಲಿಖಿತ ವರದಿಯೊಂದಿಗೆ. ಕಂಡದ್ದು ಏನು, ಊಹಿಸಿದ್ದು ಏನು, ಬಿಚ್ಚದೆ ತಿಳಿಯಲಾಗದ್ದು ಏನು ಎಂದು ಬೇರೆಬೇರೆಯಾಗಿ ಬರೆದು, ಛಾಯಾಚಿತ್ರಗಳ ಸಮೇತ ಕಾರಿನೊಂದಿಗೇ ಇಡುವ ಅಂಥ ವರದಿ ಮುಂದಿನ ಎಲ್ಲ ಮಾಲೀಕರಿಗೂ ಉಪಕಾರಿ. ಕವೆಂಟ್ರಿಯ ಬ್ರೌನ್ಸ್ ಲೇನ್ ಕಾರ್ಖಾನೆಯಲ್ಲಿ ಈ ಕಾರುಗಳನ್ನು ಜೋಡಿಸಿದ ಕೆಲಸಗಾರರ ಕೈಚಳಕ ಉಳಿದಿರುವುದು ಆ ಬೆಸುಗೆಗಳಲ್ಲಿ, ಹೊಲಿಗೆಗಳಲ್ಲಿ, ಬಣ್ಣದ ಪದರಗಳಲ್ಲಿ. ಒಮ್ಮೆ ಉಜ್ಜಿ ತೆಗೆದರೆ ಎಷ್ಟು ಹಣ ಸುರಿದರೂ ಅವನ್ನು ಮರಳಿ ತರಲಾಗದು. ಕಾರು ಸಿಕ್ಕ ಮೊದಲ ವಾರಗಳಲ್ಲಿ ತೋರುವ ತಾಳ್ಮೆಗೆ ಖರ್ಚು ಏನೂ ಇಲ್ಲ. ಆದರೆ ಆ ಕಾರಿನ ಮುಂದಿನ ಬಾಳನ್ನು ಬೇರಾವ ದುಬಾರಿ ದುರಸ್ತಿಗಿಂತಲೂ ಹೆಚ್ಚಾಗಿ ನಿರ್ಧರಿಸುವುದು ಅದೇ ತಾಳ್ಮೆ.